ಲಕ್ಷದ್ವೀಪಕ್ಕೆ ಹೊರಡುವ ಮುನ್ನ: ಅಲ್ಲಿನ ನಿಯಮಗಳ ಹಿಂದಿನ ಚರಿತ್ರೆ

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದ ಫೋಟೋಗಳು ಎಲ್ಲರ ಮೊಬೈಲಿನಲ್ಲೂ ಓಡಾಡಿದವು. ಬಿಳಿ ಮರಳು, ನೀಲಿ ನೀರು, ಸಾಲು ತೆಂಗು. ಅಂದಿನಿಂದ ನಮ್ಮ ಹಳ್ಳಿಗಳಲ್ಲೂ ಒಂದು ಹೊಸ ಮಾತು ಕೇಳಿಬರುತ್ತಿದೆ. "ಗೋವಾ ನೋಡಿ ಆಯ್ತು, ಒಂದ್ಸಲ ಲಕ್ಷದ್ವೀಪಕ್ಕೆ ಹೋಗಿಬರೋಣ." ಸ್ವಸಹಾಯ ಸಂಘದವರು, ಯುವಕ ಮಂಡಲದವರು, ಹೊಸದಾಗಿ ಮದುವೆಯಾದವರು ಎಲ್ಲರೂ ವಿಚಾರಿಸುತ್ತಿದ್ದಾರೆ.

ವಿಚಾರಿಸಿದ ಕೂಡಲೇ ಒಂದೊಂದೇ ನಿಯಮ ಎದುರಾಗುತ್ತದೆ. ನಮ್ಮದೇ ದೇಶದ ಜಾಗಕ್ಕೆ ಹೋಗಲು ಪರವಾನಗಿ ಬೇಕಂತೆ. ಮಳೆಗಾಲದಲ್ಲಿ ಹೋಗಬಾರದಂತೆ. ಮದ್ಯ ಸಿಗುವುದಿಲ್ಲವಂತೆ. ನೀರು ಹಿಡಿತದಲ್ಲಿ ಬಳಸಬೇಕಂತೆ. ದಡದಲ್ಲಿ ಬಿದ್ದ ಹವಳದ ಚೂರನ್ನೂ ಮನೆಗೆ ತರುವಂತಿಲ್ಲವಂತೆ. "ಇದೇನು ಪ್ರವಾಸವೋ, ಪರೀಕ್ಷೆಯೋ?" ಎಂದು ಕೇಳುವವರಿದ್ದಾರೆ.

ಈ ಒಂದೊಂದು ನಿಯಮದ ಹಿಂದೆಯೂ ದ್ವೀಪದ ಜನ ಕಷ್ಟಪಟ್ಟು ಕಲಿತ ಪಾಠವಿದೆ. ಆ ಚರಿತ್ರೆಯಲ್ಲಿ ನಮ್ಮ ಮಂಗಳೂರಿಗೂ ದೊಡ್ಡ ಪಾಲಿದೆ. ಅದನ್ನು ತಿಳಿದು ಹೋದರೆ ಪ್ರವಾಸವೂ ಸುಲಭ, ಅಲ್ಲಿನವರಿಗೆ ತೊಂದರೆಯೂ ಕಡಿಮೆ.

ಮೊದಲು ಅಳತೆ ತಿಳಿಯಿರಿ

ಲಕ್ಷದ್ವೀಪ ಎಂಬ ಹೆಸರು ಕೇಳಿ ದೊಡ್ಡ ಪ್ರದೇಶ ಎಂದುಕೊಳ್ಳಬೇಡಿ. ಅಲ್ಲಿರುವುದು 36 ದ್ವೀಪಗಳು. ಜನ ಕಾಯಂ ಆಗಿ ವಾಸಿಸುವುದು 10ರಲ್ಲಿ ಮಾತ್ರ. ಎಲ್ಲ ದ್ವೀಪಗಳ ನೆಲ ಸೇರಿಸಿದರೂ ಸುಮಾರು 32 ಚದರ ಕಿಲೋಮೀಟರ್, ಅಂದರೆ ಹೆಚ್ಚು ಕಡಿಮೆ 8,000 ಎಕರೆ. ನಮ್ಮ ಕಡೆಯ ಒಂದೆರಡು ಗ್ರಾಮ ಪಂಚಾಯ್ತಿಗಳ ನೆಲ ಅಷ್ಟಿರುತ್ತದೆ.

2011ರ ಜನಗಣತಿಯಲ್ಲಿ ಅಲ್ಲಿದ್ದ ಜನ 64,473. ಚದರ ಕಿಲೋಮೀಟರಿಗೆ ಲೆಕ್ಕ ಹಾಕಿದರೆ 2,000ಕ್ಕೂ ಹೆಚ್ಚು. ಅದೇ ಜನಗಣತಿಯಲ್ಲಿ ಕರ್ನಾಟಕದ ಲೆಕ್ಕ 319. ಅಂದರೆ ಫೋಟೋದಲ್ಲಿ ಖಾಲಿ ಕಾಣುವ ಆ ದ್ವೀಪಗಳಲ್ಲಿ ಮನೆಗೆ ಮನೆ ತಾಗಿಕೊಂಡಿದೆ. ಬಿತ್ರ ಎಂಬ ಪುಟ್ಟ ದ್ವೀಪದ ನೆಲ ಸುಮಾರು 25 ಎಕರೆ. ನಮ್ಮಲ್ಲಿ ಒಬ್ಬ ದೊಡ್ಡ ರೈತನ ತೋಟದಷ್ಟು. ಅಲ್ಲಿ 271 ಜನ ಇದ್ದರು.

ಈ ನೆಲ ಹುಟ್ಟಿದ ಬಗೆಯೂ ಬೇರೆ. ಇದು ಮಣ್ಣಿನ ನೆಲವಲ್ಲ. ಸಮುದ್ರದಲ್ಲಿ ಮುಳುಗಿದ ಬೆಟ್ಟಸಾಲಿನ ಮೇಲೆ ಹವಳ ಎಂಬ ಸಣ್ಣ ಜೀವಿಗಳು ಸಾವಿರಾರು ವರ್ಷ ಸುಣ್ಣದ ಗೂಡು ಕಟ್ಟಿ, ಅವು ಪುಡಿಯಾಗಿ, ಮರಳಾಗಿ, ರಾಶಿ ಬಿದ್ದು ಆದ ನೆಲ. ಸಮುದ್ರ ಮಟ್ಟದಿಂದ ಕೆಲವೇ ಮೀಟರ್ ಎತ್ತರ. ಬೆಟ್ಟವಿಲ್ಲ, ಹೊಳೆಯಿಲ್ಲ, ಕೆರೆಯಿಲ್ಲ, ಭತ್ತದ ಗದ್ದೆಯಂತೂ ಇಲ್ಲ. ದ್ವೀಪದ ಒಂದು ಪಕ್ಕದಲ್ಲಿ ಹವಳದ ದಿಬ್ಬ ಅಡ್ಡಗೋಡೆಯಂತೆ ನಿಂತಿರುತ್ತದೆ. ಆ ಗೋಡೆಗೂ ದಡಕ್ಕೂ ನಡುವಿನ ತಿಳಿನೀರಿಗೆ ಲಗೂನ್ ಎನ್ನುತ್ತಾರೆ. ಫೋಟೋದಲ್ಲಿ ನೀವು ನೋಡುವ ನೀಲಿ ಬಣ್ಣ ಅದರದ್ದೇ.

ಹಗ್ಗ ಕೊಟ್ಟು ಅಕ್ಕಿ ತಂದ ಜನ

ಭತ್ತ ಬೆಳೆಯದ ನೆಲದಲ್ಲಿ ಜನ ಏನು ತಿಂದು ಬದುಕಿದರು? ತೆಂಗಿನಕಾಯಿ, ಮೀನು, ಮತ್ತು ದಡದಿಂದ ತಂದ ಅಕ್ಕಿ. ಆ ಅಕ್ಕಿಗೆ ಬದಲಾಗಿ ಅವರು ಕೊಟ್ಟದ್ದು ತೆಂಗಿನ ನಾರಿನ ಹುರಿ.

ಹುರಿ ಮಾಡುವುದು ಹೆಂಗಸರ ಕೆಲಸ. ತೆಂಗಿನ ಸಿಪ್ಪೆಯನ್ನು ಲಗೂನಿನ ಮರಳಿನಲ್ಲಿ ತಿಂಗಳುಗಟ್ಟಲೆ ಹೂಳಿ, ಉಪ್ಪುನೀರಿನಲ್ಲಿ ಕೊಳೆಯಿಸಿ, ಕೋಲಿನಿಂದ ಬಡಿದು, ನಾರು ಬಿಡಿಸಿ, ಕೈಯಲ್ಲಿ ಹೊಸೆಯುತ್ತಿದ್ದರು. ಉಪ್ಪುನೀರಿನಲ್ಲಿ ನೆನೆದ ಆ ನಾರು ಸಮುದ್ರದಲ್ಲಿ ಬೇಗ ಕೊಳೆಯುವುದಿಲ್ಲ. ಹಾಯಿ ಹಡಗುಗಳ ಕಾಲದಲ್ಲಿ ಅಂಥ ಹಗ್ಗಕ್ಕೆ ಬಹಳ ಬೇಡಿಕೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ಈ ದ್ವೀಪಗಳ ಮೇಲೆ ಕಣ್ಣು ಹಾಕಿದ್ದೂ ಈ ಹಗ್ಗಕ್ಕಾಗಿಯೇ. ಅಮಿನಿ ದ್ವೀಪದಲ್ಲಿ ಬೀಡುಬಿಟ್ಟಿದ್ದ ಪೋರ್ಚುಗೀಸರನ್ನು ಊರಿನವರು ವಿಷವಿಟ್ಟು ಕೊಂದರು ಎಂಬ ಕಥೆಯನ್ನು ಅಲ್ಲಿನವರು ಈಗಲೂ ಹೇಳುತ್ತಾರೆ.

ಗಂಡಸರು ಆ ಹುರಿ, ಕೊಬ್ಬರಿ, ಒಣಮೀನನ್ನು ಓಡಂ ಎಂಬ ಹಾಯಿದೋಣಿಗಳಲ್ಲಿ ತುಂಬಿಕೊಂಡು ಮಂಗಳೂರು, ಕಣ್ಣೂರು, ಕಲ್ಲಿಕೋಟೆಗಳಿಗೆ ಬರುತ್ತಿದ್ದರು. ಹಳೆಯ ಓಡಂಗಳ ಹಲಗೆಗಳನ್ನು ಮೊಳೆ ಹೊಡೆದು ಜೋಡಿಸುತ್ತಿರಲಿಲ್ಲ, ಹುರಿಯಿಂದಲೇ ಹೊಲಿಯುತ್ತಿದ್ದರು. ನಕ್ಷತ್ರ ನೋಡಿ ದಾರಿ ಹಿಡಿಯುವ ವಿದ್ಯೆ ಅವರಿಗಿತ್ತು. ಆ ಲೆಕ್ಕಗಳನ್ನು ಬರೆದಿಟ್ಟ ಕೈಪಿಡಿಗೆ ರಹಮಾನಿ ಎಂದು ಹೆಸರು. ಹೋಗುವಾಗ ಅಕ್ಕಿ, ಉಪ್ಪು, ಹೊಗೆಸೊಪ್ಪು, ಬಟ್ಟೆ ಒಯ್ಯುತ್ತಿದ್ದರು.

ತೆಂಗೇ ಜೀವನವಾದದ್ದರಿಂದ ಇಲಿಯೇ ದೊಡ್ಡ ಶತ್ರು. ಮರದ ಮೇಲೆ ವಾಸ ಮಾಡಿ ಎಳೆಗಾಯಿ ಕೊರೆಯುವ ಇಲಿಗಳನ್ನು ಹಿಡಿಯಲು ಊರಿನ ಗಂಡಸರೆಲ್ಲ ಒಟ್ಟಾಗಿ ಬೇಟೆಗೆ ಹೋಗಬೇಕು ಎಂಬ ಕಟ್ಟಳೆ ಹಿಂದೆ ಇತ್ತು. ನಮ್ಮ ಹಳ್ಳಿಗಳಲ್ಲಿ ಕೆರೆ ಹೂಳೆತ್ತಲು ಮನೆಗೊಬ್ಬರು ಬರಬೇಕಿದ್ದ ಹಾಗೆ.

ಒಂದು ಕಾಲಕ್ಕೆ ನಮ್ಮ ಜಿಲ್ಲೆ

ಈ ದ್ವೀಪಗಳನ್ನು ಬಹುಕಾಲ ಆಳಿದ್ದು ಕಣ್ಣೂರಿನ ಅರಕ್ಕಲ್ ಮನೆತನ. ಹುರಿಯನ್ನು ತಮಗೇ ಮಾರಬೇಕು, ತಾವು ಹೇಳಿದ ಬೆಲೆಗೇ ಮಾರಬೇಕು ಎಂಬ ಏಕಸ್ವಾಮ್ಯ ಅವರದಾಗಿತ್ತು. ಬೇಸತ್ತ ಅಮಿನಿ ದ್ವೀಪದವರು 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಆಶ್ರಯ ಕೇಳಿದರು. ಹಾಗೆ ಉತ್ತರದ ಐದು ದ್ವೀಪಗಳು ಮೈಸೂರಿನ ಆಳ್ವಿಕೆಗೆ ಬಂದವು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಆ ಐದು. ಇವನ್ನು ಒಟ್ಟಾಗಿ ಅಮಿನ್‌ದೀವಿ ದ್ವೀಪಗಳು ಎನ್ನುತ್ತಿದ್ದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈ ಐದೂ ಬ್ರಿಟಿಷರ ಪಾಲಾದವು. ಅವರು ಇವನ್ನು ಮಂಗಳೂರು ಕೇಂದ್ರವಾಗಿದ್ದ ಕೆನರಾ ಆಡಳಿತಕ್ಕೆ ಸೇರಿಸಿದರು. ಅಲ್ಲಿಂದ ಮುಂದೆ ಒಂದೂವರೆ ಶತಮಾನ ಅಮಿನಿಯವರ ಕಲೆಕ್ಟರ್ ಕೂತಿದ್ದು ಮಂಗಳೂರಿನಲ್ಲಿ. ದ್ವೀಪದಲ್ಲಿ ಮೊನೆಗಾರ್ ಎಂಬ ಅಧಿಕಾರಿ ಇರುತ್ತಿದ್ದ. ಆಳುವವರು ಬದಲಾದರೂ ಹುರಿಯ ಏಕಸ್ವಾಮ್ಯ ಬದಲಾಗಲಿಲ್ಲ. ದ್ವೀಪದವರು ಮಂಗಳೂರಿಗೆ ಹುರಿ ತಂದು ಸರ್ಕಾರಕ್ಕೆ ಒಪ್ಪಿಸಿ, ಅದರ ಲೆಕ್ಕಕ್ಕೆ ಅಕ್ಕಿ ಪಡೆಯಬೇಕಿತ್ತು.

ಮುಂದಿನ ಘಟನೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವ ಎಂದು ಆಚರಿಸುವ ಅದೇ ದಿನ, ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ಆ ಜಿಲ್ಲೆಯಿಂದ ಅಮಿನ್‌ದೀವಿ ದ್ವೀಪಗಳು ಬೇರೆಯಾದವು. ಮಲಬಾರ್ ಜಿಲ್ಲೆಯಲ್ಲಿದ್ದ ಉಳಿದ ದ್ವೀಪಗಳ ಜೊತೆ ಸೇರಿ ಅವು ಕೇಂದ್ರಾಡಳಿತ ಪ್ರದೇಶವಾದವು. ಮೊದಲು ಕಚೇರಿ ಕಲ್ಲಿಕೋಟೆಯಲ್ಲಿತ್ತು, 1964ರಲ್ಲಿ ಕವರತ್ತಿ ದ್ವೀಪಕ್ಕೆ ಹೋಯಿತು. ಲಕ್ಷದ್ವೀಪ ಎಂಬ ಈಗಿನ ಹೆಸರು ಬಂದದ್ದು 1973ರ ನವೆಂಬರ್ 1ರಂದು.

ಆಡಳಿತ ಬೇರೆಯಾದರೂ ಅಕ್ಕಿಯ ನಂಟು ಹರಿಯಲಿಲ್ಲ. ಮಂಗಳೂರಿನ ಹಳೆ ಬಂದರಿಗೆ ಹೋಗಿ ನೋಡಿ. ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳಿಗೆ ಸಿಮೆಂಟು, ಜಲ್ಲಿ, ತರಕಾರಿ, ದಿನಸಿ ತುಂಬುವುದು ಕಾಣುತ್ತದೆ. ನೀವು ದ್ವೀಪದಲ್ಲಿ ಉಣ್ಣುವ ಊಟದ ಈರುಳ್ಳಿ, ಆಲೂಗಡ್ಡೆ ನಮ್ಮ ಕಡೆಯ ಹೊಲದಿಂದಲೇ ಹೋಗಿರಬಹುದು. ಹೋಟೆಲಿನಲ್ಲಿ ಬೆಲೆ ಜಾಸ್ತಿ ಎಂದು ಜಗಳವಾಡುವ ಮೊದಲು, ಆ ತರಕಾರಿ ಸಮುದ್ರ ದಾಟಿ ಬಂದದ್ದು ಎಂಬುದು ನೆನಪಿರಲಿ. ತಟ್ಟೆಯಲ್ಲಿ ಬಿಡಬೇಡಿ.

ಯಾವಾಗ ಹೋಗಬೇಕು?

ಓಡಂ ಹಾಯಿಸುತ್ತಿದ್ದವರಿಗೆ ವರ್ಷದಲ್ಲಿ ಎರಡೇ ಕಾಲ. ಸಮುದ್ರ ತೆರೆದ ಕಾಲ, ಸಮುದ್ರ ಮುಚ್ಚಿದ ಕಾಲ. ಮೇ ತಿಂಗಳ ಕೊನೆಯೊಳಗೆ ದೋಣಿಗಳನ್ನು ದಡಕ್ಕೆಳೆದು ತೆಂಗಿನ ಗರಿ ಹೊದಿಸುತ್ತಿದ್ದರು. ಮುಂಗಾರಿನ ಅಬ್ಬರ ಇಳಿದ ಮೇಲೆ, ಸೆಪ್ಟೆಂಬರಿನ ಹೊತ್ತಿಗೆ, ಮತ್ತೆ ನೀರಿಗೆ. ನಡುವಿನ ತಿಂಗಳುಗಳಿಗೆ ಬೇಕಾದ ಅಕ್ಕಿ ಮೊದಲೇ ಮನೆಯಲ್ಲಿರಬೇಕು. ಇಲ್ಲದಿದ್ದರೆ ಉಪವಾಸ.

ಅಕಾಲದಲ್ಲಿ ಬರುವ ಚಂಡಮಾರುತ ಇನ್ನೂ ಭಯಂಕರ. 1847ರ ಏಪ್ರಿಲಿನಲ್ಲಿ ಬಂದ ಬಿರುಗಾಳಿ ಕಲ್ಪೇನಿ ಮತ್ತು ಆಂದ್ರೋತ್ ದ್ವೀಪಗಳನ್ನು ಹಾಳುಗೆಡವಿತು. ತೆಂಗಿನ ಮರಗಳು ಉರುಳಿದವು, ಕುಡಿಯುವ ಬಾವಿಗಳಿಗೆ ಉಪ್ಪುನೀರು ನುಗ್ಗಿತು, ಬಹಳ ಜನ ಸತ್ತರು. ತೆಂಗು ಹೋದರೆ ಹುರಿಯಿಲ್ಲ, ಹುರಿಯಿಲ್ಲದಿದ್ದರೆ ಅಕ್ಕಿಯಿಲ್ಲ. ಹೊಸ ಮರ ಫಲ ಕೊಡುವವರೆಗೆ ವರ್ಷಗಟ್ಟಲೆ ಕಾಯಬೇಕಾಯಿತು. ನಮ್ಮ ಕಾಲದಲ್ಲೂ 2017ರ ಕೊನೆಯಲ್ಲಿ ಓಖಿ, 2021ರ ಮೇ ತಿಂಗಳಲ್ಲಿ ತೌಕ್ತೆ ಈ ದ್ವೀಪಗಳನ್ನು ಕಾಡಿದವು.

ಹಾಗಾಗಿ ಹೋಗುವುದಿದ್ದರೆ ಅಕ್ಟೋಬರಿನಿಂದ ಏಪ್ರಿಲ್ ಒಳಗೆ ಹೋಗಿ. ಡಿಸೆಂಬರಿನಿಂದ ಮಾರ್ಚ್ ಇನ್ನೂ ಒಳ್ಳೆಯದು, ಸಮುದ್ರ ಶಾಂತವಾಗಿರುತ್ತದೆ. ಮಳೆಗಾಲದಲ್ಲಿ ಮಂಜಿಗಳ ಓಡಾಟವನ್ನು ಸರ್ಕಾರವೇ ನಿಲ್ಲಿಸುತ್ತದೆ. "ಕಡಿಮೆ ರೇಟಿಗೆ ಜುಲೈನಲ್ಲಿ ಕರೆದೊಯ್ಯುತ್ತೇವೆ" ಎನ್ನುವ ಏಜೆಂಟರ ಮಾತಿಗೆ ಮರುಳಾಗಬೇಡಿ.

ಒಳ್ಳೆಯ ಕಾಲದಲ್ಲೂ ವಾಪಸ್ ಬರುವ ದಿನಕ್ಕೆ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಗಾಳಿ ಎದ್ದರೆ ಹಡಗು ತಡವಾಗುತ್ತದೆ. ಮಾರನೇ ದಿನವೇ ಮದುವೆ, ಪರೀಕ್ಷೆ, ಕೋರ್ಟು ಇಟ್ಟುಕೊಂಡು ಹೋದರೆ ತಲೆಬಿಸಿ ತಪ್ಪುವುದಿಲ್ಲ.

ಪರವಾನಗಿ ಯಾಕೆ?

ದ್ವೀಪದವರಲ್ಲದ ಪ್ರವಾಸಿಗರು ಅಲ್ಲಿಗೆ ಹೋಗಲು ಪ್ರವೇಶ ಪರವಾನಗಿ ಪಡೆಯಬೇಕು ಎಂಬ ನಿಯಮ 1967ರಲ್ಲಿ ಬಂತು. ಅದಕ್ಕೆ ಎರಡು ಕಾರಣ. ಒಂದು, ದ್ವೀಪಗಳು ದೇಶದ ಗಡಿಯಲ್ಲಿವೆ, ಅಂತರರಾಷ್ಟ್ರೀಯ ಹಡಗುಗಳ ದಾರಿ ಹತ್ತಿರದಲ್ಲೇ ಹಾದುಹೋಗುತ್ತದೆ. ಎರಡು, ಅಲ್ಲಿನ ಮೂಲನಿವಾಸಿಗಳ ರಕ್ಷಣೆ. ತಂದೆ ತಾಯಿ ಇಬ್ಬರೂ ದ್ವೀಪದಲ್ಲೇ ಹುಟ್ಟಿದ ಅಲ್ಲಿನ ಜನರನ್ನು ಪರಿಶಿಷ್ಟ ಪಂಗಡ ಎಂದು ಗುರುತಿಸಲಾಗಿದೆ. ಹೊರಗಿನವರು ಹಣದ ಬಲದಿಂದ ಬಂದು ನೆಲ ಕೊಂಡುಬಿಟ್ಟರೆ 8,000 ಎಕರೆ ಎಷ್ಟು ದಿನ ಉಳಿದೀತು?

ನೆಲದ ವಿಷಯದಲ್ಲಿ ಅವರದ್ದು ಒಂದು ವಿಶೇಷ ಪದ್ಧತಿ. ಜನರೆಲ್ಲ ಹೆಚ್ಚುಕಮ್ಮಿ ಮುಸ್ಲಿಮರು, ಆದರೆ ಆಸ್ತಿ ಹರಿದು ಬಂದದ್ದು ತಾಯಿಯ ಕಡೆಯಿಂದ. ನಮ್ಮ ತುಳುನಾಡಿನ ಅಳಿಯ ಸಂತಾನ ಪದ್ಧತಿ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ತರವಾಡಿನ ಕೂಡು ಆಸ್ತಿಗೆ ಅವರು ವೆಳ್ಳಿಯಾಳ್ಚ, ಅಂದರೆ ಶುಕ್ರವಾರದ ಆಸ್ತಿ ಎನ್ನುತ್ತಾರೆ. ಅದು ತಾಯಿಯ ಸಂತಾನಕ್ಕೆ ಹೋಗುತ್ತದೆ. ಸ್ವಂತ ದುಡಿಮೆಯ ಆಸ್ತಿಗೆ ತಿಂಗಳಾಳ್ಚ, ಅಂದರೆ ಸೋಮವಾರದ ಆಸ್ತಿ ಎಂದು ಹೆಸರು. ಅಂಗೈಯಗಲದ ನೆಲ ಚೂರುಚೂರಾಗದೆ ಉಳಿದದ್ದಕ್ಕೆ ಈ ಕಟ್ಟು ನೆರವಾಯಿತು.

ಈಗ ಕೆಲಸದ ಮಾತು. ಪರವಾನಗಿಗೆ ಗುರುತಿನ ಚೀಟಿ, ಫೋಟೋ, ಪೊಲೀಸ್ ಪರಿಶೀಲನೆಯ ದಾಖಲೆ ಕೇಳುತ್ತಾರೆ. ಅರ್ಜಿಯ ವಿಧಾನ ಮತ್ತು ಶುಲ್ಕ ಆಗಾಗ ಬದಲಾಗುವುದರಿಂದ ಲಕ್ಷದ್ವೀಪ ಆಡಳಿತದ ಅಧಿಕೃತ ಜಾಲತಾಣದಲ್ಲೇ ನೋಡಿಕೊಳ್ಳಿ. ಟಿಕೆಟ್ಟಿಗೆ ಹಣ ಕಟ್ಟುವ ಮುನ್ನ ಪರವಾನಗಿಯ ವಿಷಯ ಖಚಿತ ಮಾಡಿಕೊಳ್ಳಿ. ಪರವಾನಗಿಯಲ್ಲಿ ಯಾವ ದ್ವೀಪದ ಹೆಸರು, ಯಾವ ದಿನಾಂಕ ಇದೆ ಎಂದು ಓದಿ. ಒಂದು ದ್ವೀಪದ ಪರವಾನಗಿ ಹಿಡಿದು ಇನ್ನೊಂದರಲ್ಲಿ ಇಳಿಯುವಂತಿಲ್ಲ. ಮೂಲ ಗುರುತಿನ ಚೀಟಿ ಜೊತೆಗಿರಲಿ. ಎರಡು ಜೆರಾಕ್ಸ್ ಪ್ರತಿ ಬೇರೆ ಚೀಲದಲ್ಲಿರಲಿ.

ಸರ್ಕಾರದ ಪ್ರವಾಸಗಳನ್ನು ನಡೆಸುವ ಸಂಸ್ಥೆಯ ಹೆಸರು ಸ್ಪೋರ್ಟ್ಸ್. ಆಟದ ಸಂಘ ಎಂದುಕೊಳ್ಳಬೇಡಿ, ಪ್ರವಾಸ ನೋಡಿಕೊಳ್ಳಲು 1982ರಲ್ಲಿ ಶುರುವಾದ ಸೊಸೈಟಿ ಅದು. ಅವರ ಮೂಲಕ ಹೋದರೆ ಪರವಾನಗಿ, ಹಡಗು, ವಸತಿ ಒಟ್ಟಿಗೆ ಆಗುತ್ತದೆ.

ಹೇಗೆ ಹೋಗಬೇಕು?

ಹಡಗುಗಳು ಮುಖ್ಯವಾಗಿ ಕೊಚ್ಚಿಯಿಂದ ಹೊರಡುತ್ತವೆ. ದ್ವೀಪ ಯಾವುದು ಎಂಬುದರ ಮೇಲೆ 14ರಿಂದ 18 ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಸಮುದ್ರಯಾನ ರೂಢಿಯಿಲ್ಲದ ನಮ್ಮಂಥವರಿಗೆ ಮೊದಲ ರಾತ್ರಿ ಹೊಟ್ಟೆ ತೊಳಸುವುದು ಸಹಜ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಿ. ಹೊಟ್ಟೆ ಖಾಲಿಯೂ ಬೇಡ, ಬಿರಿಯುವಷ್ಟೂ ಬೇಡ.

ಹಲವು ದ್ವೀಪಗಳಲ್ಲಿ ಹಡಗು ದಡಕ್ಕೆ ಬರುವುದಿಲ್ಲ, ಹವಳದ ಗೋಡೆ ಅಡ್ಡವಿರುತ್ತದೆ. ಹೊರಗೇ ನಿಲ್ಲುವ ಹಡಗಿನಿಂದ ತೂಗಾಡುವ ಸಣ್ಣ ದೋಣಿಗೆ ಇಳಿಯಬೇಕು. ಮಂಡಿನೋವಿನ ಹಿರಿಯರಿಗೆ, ಕಂಕುಳಲ್ಲಿ ಮಗು ಇರುವವರಿಗೆ ಇದು ಸುಲಭವಲ್ಲ. ದೊಡ್ಡ ಸೂಟ್‌ಕೇಸ್ ಬಿಟ್ಟು ಹೆಗಲಿಗೆ ಹಾಕುವ ಚೀಲ ಒಯ್ಯಿರಿ. ಸೀರೆಗಿಂತ ಚೂಡಿದಾರ್ ಅನುಕೂಲ.

ವಿಮಾನ ಇಳಿಯುವುದು ಅಗತ್ತಿ ದ್ವೀಪದಲ್ಲಿ ಮಾತ್ರ. ಅಲ್ಲಿ 1988ರಲ್ಲಿ ವಿಮಾನ ನಿಲ್ದಾಣವಾಯಿತು. ರನ್‌ವೇ ಸುಮಾರು 1,200 ಮೀಟರ್, ಅದರ ಎರಡೂ ತುದಿಯಲ್ಲಿ ನೀರು. ದೊಡ್ಡ ವಿಮಾನ ಇಳಿಯಲಾಗದ್ದರಿಂದ ಸೀಟು ಕಡಿಮೆ. 2024ರಲ್ಲಿ ಬೆಂಗಳೂರಿನಿಂದಲೂ ಅಗತ್ತಿಗೆ ವಿಮಾನ ಶುರುವಾಯಿತು. ನೀವು ಹೋಗುವ ಹೊತ್ತಿಗೆ ಯಾವ ದಿನ ಇದೆ ಎಂದು ನೋಡಿಕೊಳ್ಳಿ.

ದೊಡ್ಡ ಕಾಯಿಲೆಗೆ ಅಲ್ಲಿ ಪೂರ್ತಿ ಚಿಕಿತ್ಸೆ ಇಲ್ಲ. ಪರಿಸ್ಥಿತಿ ಗಂಭೀರವಾದರೆ ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸಬೇಕಾಗುತ್ತದೆ. ಹೃದ್ರೋಗ ಇರುವವರು, ತುಂಬು ಗರ್ಭಿಣಿಯರು ವೈದ್ಯರನ್ನು ಕೇಳದೆ ಹೊರಡಬೇಡಿ. ಬಿ.ಪಿ., ಶುಗರ್ ಮಾತ್ರೆ ಲೆಕ್ಕಕ್ಕಿಂತ ಒಂದು ವಾರದಷ್ಟು ಹೆಚ್ಚಿಗೆ ಇರಲಿ.

ಮೊಬೈಲ್ ಮೊದಲು ಉಪಗ್ರಹದ ಮೇಲೆ ನಡೆಯುತ್ತಿತ್ತು, ಬಲು ನಿಧಾನ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿ ಎಳೆದ ಕೇಬಲ್ ಉದ್ಘಾಟನೆಯಾದ ಮೇಲೆ ಸುಧಾರಿಸಿದೆ. ಆದರೂ ಫೋನ್‌ಪೇ, ಗೂಗಲ್‌ಪೇ ನಂಬಿ ಬರಿಗೈಲಿ ಹೋಗಬೇಡಿ. ಖರ್ಚಿಗೆ ನಗದು ಇರಲಿ.

ಊರಿನ ಮರ್ಯಾದೆ

ಜನವಸತಿ ಇರುವ ದ್ವೀಪಗಳಲ್ಲಿ ಮದ್ಯ ನಿಷೇಧವಿದೆ. 1979ರಲ್ಲಿ ಅದಕ್ಕೆ ಕಾನೂನು ಬಂತು. ಮೊದಲು ಕಾಯಂ ಜನವಸತಿ ಇಲ್ಲದ, ಪ್ರವಾಸಿಗರಿಗೆಂದೇ ಬೆಳೆದ ಬಂಗಾರಂ ದ್ವೀಪಕ್ಕೆ ಮಾತ್ರ ಇದರಿಂದ ವಿನಾಯಿತಿ ಸಿಕ್ಕಿತು. ಚೀಲದಲ್ಲಿ ಬಾಟಲಿ ಬಚ್ಚಿಟ್ಟು ಒಯ್ಯುವ ಸಾಹಸ ಬೇಡ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಪ್ರವಾಸ ಅಲ್ಲಿಗೇ ಮುಗಿಯಬಹುದು.

ದ್ವೀಪದಲ್ಲಿ ಬೀಚು ಬೇರೆ, ಊರು ಬೇರೆ ಎಂಬುದಿಲ್ಲ. ನೀವು ಈಜುವ ದಡದ ಹಿಂದೆಯೇ ಒಬ್ಬರ ಮನೆ, ಅದರ ಪಕ್ಕ ಮಸೀದಿ, ಶಾಲೆ. ಈಜುಡುಗೆಯಲ್ಲಿ ಊರೊಳಗೆ ತಿರುಗಬೇಡಿ. ನಮ್ಮ ಊರ ದೇವಸ್ಥಾನದ ಬೀದಿಯಲ್ಲಿ ಹೊರಗಿನವರು ಹಾಗೆ ತಿರುಗಿದರೆ ನಮಗೆ ಹೇಗನಿಸುತ್ತದೆ, ಅವರಿಗೂ ಹಾಗೆಯೇ. ಹೆಂಗಸರ, ಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ.

ಭಾಷೆ ಮಲಯಾಳದ ಒಂದು ಬಗೆ. ಅದನ್ನು ಜೆಸರಿ ಎನ್ನುತ್ತಾರೆ. ದಕ್ಷಿಣದ ಮಿನಿಕಾಯ್ ದ್ವೀಪದಲ್ಲಿ ಮಾತ್ರ ಮಾಲ್ಡೀವ್ಸಿನ ಭಾಷೆಗೆ ಸೇರಿದ ಮಹಲ್ ಮಾತಾಡುತ್ತಾರೆ. ಮಂಗಳೂರಿನ ಕಡೆಯವರು ಎಂದು ಹೇಳಿನೋಡಿ. ಹಿರಿಯರಿಗೆ ಮಂಗಳಾಪುರದ ನೆನಪಿರುತ್ತದೆ.

ನೀರು: ಅಲ್ಲಿನ ಬಂಗಾರ

ಹೊಳೆ, ಕೆರೆ ಇಲ್ಲದ ದ್ವೀಪದಲ್ಲಿ ಬಾವಿಯ ಸಿಹಿನೀರು ಎಲ್ಲಿಂದ ಬಂತು? ಮಳೆಯಿಂದ. ಮಳೆನೀರು ಮರಳಿನಲ್ಲಿ ಇಂಗಿ, ಕೆಳಗಿನ ಭಾರವಾದ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಹಾಲಿನ ಮೇಲಿನ ಕೆನೆಯ ಹಾಗೆ. ಹೆಂಗಸರು ಕೊಡದಲ್ಲಿ ಸೇದುತ್ತಿದ್ದ ಕಾಲದಲ್ಲಿ ಆ ಪದರ ಉಳಿಯಿತು. ಪಂಪು ಹಾಕಿ ಎಳೆದರೆ ಕೆನೆ ಮುಗಿದು ಕೆಳಗಿನ ಉಪ್ಪುನೀರು ಮೇಲೇರುತ್ತದೆ. ನೆಲ ಬರೀ ಮರಳಾದ್ದರಿಂದ ಪಾಯಿಖಾನೆ ಗುಂಡಿಯ ಹೊಲಸು ಕೂಡ ಬಾವಿಗೆ ಬೇಗ ಸೇರುತ್ತದೆ.

2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂತು. ಹವಳದ ದಿಬ್ಬದಾಚೆ ಸಮುದ್ರ ಒಮ್ಮೆಲೇ ಆಳವಾಗುತ್ತದೆ. ಅಲ್ಲಿಂದ ತಣ್ಣನೆಯ ನೀರು ಎತ್ತಿ, ಮೇಲಿನ ಬೆಚ್ಚಗಿನ ನೀರಿನ ಆವಿಯನ್ನು ತಂಪಾಗಿಸಿ ಕುಡಿಯುವ ನೀರು ಮಾಡುತ್ತಾರೆ. ದಿನಕ್ಕೆ 1 ಲಕ್ಷ ಲೀಟರ್ ಅದರ ಸಾಮರ್ಥ್ಯ. ಬೇರೆ ದ್ವೀಪಗಳಿಗೂ ಆಮೇಲೆ ಇಂಥ ಘಟಕ ಬಂದಿದೆ. ಆದರೆ ಅದು ಅಲ್ಲಿನ ಜನರ ಕುಡಿಯುವ ನೀರು.

ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬಕೆಟ್ಟಿನಲ್ಲಿ ಸ್ನಾನ ಮುಗಿಸಿ. ಸಮುದ್ರದಲ್ಲಿ ಆಡಿ ಬಂದು ಅರ್ಧ ಗಂಟೆ ಶವರ್ ಕೆಳಗೆ ನಿಲ್ಲಬೇಡಿ. ಸ್ಟೀಲ್ ಬಾಟಲಿ ಒಯ್ಯಿರಿ. ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಕವರ್, ಮಗುವಿನ ಡೈಪರ್ ಹೂಳಲು ಅಲ್ಲಿ ಜಾಗವೇ ಇಲ್ಲ. ನಿಮ್ಮ ಕಸ ನಿಮ್ಮ ಚೀಲದಲ್ಲೇ ವಾಪಸ್ ಬರಲಿ.

ಹವಳ ಮುಟ್ಟಬೇಡಿ

ಹವಳ ಕಲ್ಲಲ್ಲ, ಜೀವಿ. ಕಾಲಿಟ್ಟರೆ ಮುರಿಯುತ್ತದೆ, ಮತ್ತೆ ಬೆಳೆಯಲು ವರ್ಷಗಳು ಬೇಕು. 2001ರಿಂದ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿವೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಸತ್ತು ದಡಕ್ಕೆ ಬಿದ್ದ ಚೂರನ್ನು ಶೋಕೇಸಿಗೆಂದು ತಂದರೂ ಅಪರಾಧ. ಕೆಲವು ಶಂಖ, ಚಿಪ್ಪುಗಳಿಗೂ ಇದೇ ಕಾನೂನು. ಯಾವುದು ಹೌದು, ಯಾವುದು ಅಲ್ಲ ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ ಏನನ್ನೂ ಎತ್ತಿಕೊಳ್ಳದಿರುವುದು ಒಳ್ಳೆಯದು.

ಹವಳವೇ ಈಗ ಸಂಕಟದಲ್ಲಿದೆ. ಸಮುದ್ರದ ನೀರು ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದಲ್ಲಿ ಹೀಗೆ ಬಹಳ ಹವಳ ಸತ್ತಿತು. ಹವಳದ ಗೋಡೆ ಸತ್ತರೆ ಅಲೆ ತಡೆಯುವವರಿಲ್ಲ, ದಡ ಕೊಚ್ಚಿಹೋಗುತ್ತದೆ. ಬಂಗಾರಂ ಹತ್ತಿರದ ಪರಳಿ ಎಂಬ ಜನವಸತಿಯಿಲ್ಲದ ದ್ವೀಪದ ಒಂದು ತುಂಡು ಹಾಗೆ ಸವೆದು ಮುಳುಗಿಹೋದದ್ದನ್ನು ಅಧ್ಯಯನ ಮಾಡಿದವರು 2017ರಲ್ಲಿ ದಾಖಲಿಸಿದರು.

ಮೀನುಗಾರರ ಹೊಟ್ಟೆಪಾಡೂ ಇದರ ಮೇಲಿದೆ. ಅಲ್ಲಿನವರು ಸೂರೆ ಮೀನನ್ನು ದೊಡ್ಡ ಬಲೆ ಹಾಕಿ ಬಾಚುವುದಿಲ್ಲ. ಲಗೂನಿನಲ್ಲಿ ಹಿಡಿದ ಜೀವಂತ ಸಣ್ಣ ಮೀನುಗಳನ್ನು ಸಮುದ್ರಕ್ಕೆ ಎರಚಿ, ಸೂರೆ ಹಿಂಡು ಮುತ್ತಿದಾಗ ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುತ್ತಾರೆ. ಮಿನಿಕಾಯ್‌ನವರ ಈ ಹಳೆಯ ವಿದ್ಯೆಯನ್ನು 1960ರ ದಶಕದಿಂದ ಉಳಿದ ದ್ವೀಪದವರೂ ಕಲಿತರು. ಹವಳವಿಲ್ಲದಿದ್ದರೆ ಆ ಸಣ್ಣ ಮೀನಿಲ್ಲ. ಆ ಮೀನಿಲ್ಲದಿದ್ದರೆ ಈ ಕಸುಬೂ ಇಲ್ಲ.

ನೀರಿಗಿಳಿದಾಗ ಲಗೂನಿನ ಒಳಗೇ ಇರಿ. ಹವಳದ ಗೋಡೆಯಾಚೆ ಒಮ್ಮೆಲೇ ಆಳ, ಸೆಳೆತವೂ ಜೋರು. ಕೆರೆ ಬಾವಿಯಲ್ಲಿ ಈಜು ಕಲಿತ ಧೈರ್ಯ ಅಲ್ಲಿ ಸಾಲದು. ಸ್ಥಳೀಯರು "ಬೇಡ" ಎಂದ ಕಡೆ ಇಳಿಯಬೇಡಿ, ಜಾಕೆಟ್ ಇಲ್ಲದೆ ದೋಣಿ ಹತ್ತಬೇಡಿ. ಬಿಸಿಲಿಗೆ ಹಚ್ಚುವ ಕೆಲವು ಕ್ರೀಮುಗಳು ಹವಳಕ್ಕೆ ಕೆಡುಕು ಮಾಡುತ್ತವೆ. ಅದರ ಬದಲು ತುಂಬುತೋಳಿನ ಬಟ್ಟೆ, ಟೋಪಿ ಸಾಕು.

ಹೋಗಬೇಕೋ, ಬೇಡವೋ?

ಪ್ರವಾಸಿಗರು ಬಂದರೆ ಅಲ್ಲಿನ ಯುವಕರಿಗೆ ಕೆಲಸ ಸಿಗುತ್ತದೆ. ಅದು ಅವರಿಗೂ ಬೇಕು. ಆದರೆ ಎಷ್ಟು ಜನ ಬರಬೇಕು, ಎಷ್ಟು ಹೋಟೆಲ್ ಏಳಬೇಕು ಎಂಬುದರ ಬಗ್ಗೆ ಅಲ್ಲಿ ದೊಡ್ಡ ಚರ್ಚೆ ನಡೆಯುತ್ತಿದೆ. 2021ರಲ್ಲಿ ಆಡಳಿತ ತಂದ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ತಮ್ಮ ನೆಲ ಕಸಿಯಬಹುದು ಎಂದು ಹೆದರಿದ ಜನ ಮನೆಮನೆಯಲ್ಲಿ ಉಪವಾಸ ಕೂತು ಪ್ರತಿಭಟಿಸಿದರು. ಹುರಿಯ ಕಾಲದಿಂದಲೂ ಅವರ ಬದುಕಿನ ಬೆಲೆಯನ್ನು ದಡದಲ್ಲಿ ಕೂತವರೇ ಕಟ್ಟಿದ್ದಾರೆ. ಮೊದಲು ಕಣ್ಣೂರು, ಆಮೇಲೆ ಮಂಗಳೂರು. ಆ ನೆನಪು ಇರುವವರಿಗೆ ಹೊಸ ಯೋಜನೆ ಕಂಡಾಗ ಅನುಮಾನ ಬರುವುದು ಸಹಜ.

ನಾವು ಹೋಗುವುದಾದರೆ ಹತ್ತು ಜನರ ಸಣ್ಣ ಗುಂಪಿನಲ್ಲಿ, ಸರಿಯಾದ ಕಾಲದಲ್ಲಿ, ಪರವಾನಗಿ ಹಿಡಿದು, ಊರಿನವರ ಮನೆಯ ಊಟ ಉಂಡು, ಅವರದೇ ದೋಣಿಗೆ ಬಾಡಿಗೆ ಕೊಟ್ಟು ಬರೋಣ. ಮನೆಯವರಿಗೆ ಏನಾದರೂ ತರಲೇಬೇಕು ಎನಿಸಿದರೆ ಚಿಪ್ಪು, ಹವಳ ಬೇಡ. ದ್ವೀಪದ ತೆಂಗಿನ ಬೆಲ್ಲ ತನ್ನಿ, ಮೀನು ತಿನ್ನುವವರಾದರೆ ಮಾಸ್ ಎಂಬ ಒಣಗಿಸಿದ ಸೂರೆ ಮೀನು ತನ್ನಿ. ಮಂಗಳೂರಿಗೆ ಅವರ ಅಜ್ಜಂದಿರು ಓಡಂನಲ್ಲಿ ತುಂಬಿಕೊಂಡು ಬರುತ್ತಿದ್ದುದು ಇಂಥವನ್ನೇ.